ಐದು ನಿಮಿಷದಲ್ಲಿ ತಿಂದು ಮುಗಿಸುವ ಬುತ್ತಿ ಹುಡುಕಬೇಡಿ ಮೇಡಂ

ಶಾಲೆಯಲ್ಲಿ ಮಕ್ಕಳ ಬಿಸಿಯೂಟ ನೋಡಿಕೊಳ್ಳುತ್ತಲೇ ಬೇಗ ತಿಂದು ಮುಗಿಸೋಕೆ ಏನು ಕಟ್ಟಿಕೊಂಡು ಹೋಗಲಿ ಅಂತ ಕೇಳಿದ್ದೀರಿ. ಶಿಕ್ಷಕಿಯಾಗಿ ಹೊಸದಾಗಿ ಸೇರಿದಾಗ ನಾನೂ ಇದೇ ಲೆಕ್ಕ ಹಾಕಿದವಳು. ಕೊಡಗಿನ ಸೋಮವಾರಪೇಟೆ ಕಡೆ ಕಾಫಿ ತೋಟಗಳ ನಡುವೆ ಒಂದು ಕಿರಿಯ ಪ್ರಾಥಮಿಕ ಶಾಲೆ. ನಾನು, ಮುಖ್ಯ ಶಿಕ್ಷಕರು, ಇಬ್ಬರೇ. ಮಕ್ಕಳು ಹೆಚ್ಚಿನವರು ಲೈನ್‌ಮನೆಯವರು, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳವರು.

ಸೇರಿದ ಮೊದಲ ವಾರವೇ ಮುಖ್ಯ ಶಿಕ್ಷಕರು "ಮಕ್ಕಳ ಜೊತೆಗೇ ಕೂತು ಉಂಡುಬಿಡಿ, ನಿಮಗೂ ಅದೇ ಬಿಡುವು" ಅಂದರು. ಹೂಂ ಅಂದುಬಿಟ್ಟೆ. ಎಡವಿದ್ದು ಅಲ್ಲೇ. ಮಕ್ಕಳ ಜೊತೆ ಉಣ್ಣೋದರಲ್ಲಿ ತಪ್ಪೇನಿಲ್ಲ, ನನಗದು ಇಷ್ಟವೇ. ಅದನ್ನು ನನ್ನ ಬಿಡುವು ಅಂತ ಒಪ್ಪಿಕೊಂಡದ್ದು ತಪ್ಪು. ಒಮ್ಮೆ ಒಪ್ಪಿದ ಮೇಲೆ ಕೇಳೋಕೆ ಬಾಯೇ ಇರಲಿಲ್ಲ. ವೇಳಾಪಟ್ಟಿಯಲ್ಲಿ ಊಟದ ಬಿಡುವು ಅಂತ ಬರೆದೇ ಇತ್ತಲ್ಲ, ಇನ್ನೇನು ಬೇಕು ಅನ್ನುತ್ತಿದ್ದರು. ಆ ಹೊತ್ತಲ್ಲಿ ನಾನು ಮಾಡುತ್ತಿದ್ದ ಕೆಲಸ ಯಾವ ಕಾಗದದಲ್ಲೂ ಕೆಲಸವಾಗಿ ಕಾಣುತ್ತಿರಲಿಲ್ಲ.

ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡಗಿನ ತಿಂಗಳು) ಮಳೆಯಲ್ಲಿ ಜಗಲಿಗೆಲ್ಲ ಇರಚಲು ಹೊಡೆಯುತ್ತೆ, ಮಕ್ಕಳನ್ನು ಒಳಗೇ ಕೂರಿಸಬೇಕು. ಬಿಸಿ ಸಾಂಬಾರಿನ ಪಾತ್ರೆಯ ಹತ್ತಿರ ಯಾರೂ ನುಗ್ಗದ ಹಾಗೆ ಕಣ್ಣಿಟ್ಟಿರಬೇಕು. ಒಂದನೇ ಕ್ಲಾಸಿನವರಿಗೆ ಮೊಟ್ಟೆ ಸುಲಿಯೋಕೆ ಬರಲ್ಲ. ಸಿಪ್ಪೆ ಜೊತೆ ಅರ್ಧ ಬಿಳಿಯೂ ಕಿತ್ತು ಬಂದರೆ ಅಳು ಶುರು. ಒಂದೊಂದೇ ಸುಲಿದು ಕೊಡುತ್ತಾ ಹೋದರೆ ಉಗುರಿನ ಸಂದಿಯಲ್ಲೆಲ್ಲ ಸಿಪ್ಪೆಯ ಚೂರು ಚುಚ್ಚಿರುತ್ತಿತ್ತು. ಅಷ್ಟರಲ್ಲಿ ನನ್ನ ಅಕ್ಕಿರೊಟ್ಟಿ ಡಬ್ಬಿಯಲ್ಲೇ ಬಿರುಸಾಗಿರುತ್ತಿತ್ತು, ಗಂಟೆ ಹೊಡೆದಿರುತ್ತಿತ್ತು. ಶೌಚಾಲಯಕ್ಕೆ ಹೋಗೋಕೂ ಪುರುಸೊತ್ತಿಲ್ಲ ಅಂತ ನೀರು ಕುಡಿಯೋದನ್ನೇ ಕಡಿಮೆ ಮಾಡಿದೆ. ಆ ಮಳೆಗಾಲ ಉರಿಮೂತ್ರ ಬಂತು, ವಾಸಿಯಾಯಿತು, ಮತ್ತೆ ಬಂತು. ಆಮೇಲೆ ಚಳಿಜ್ವರ. ಸೋಂಕು ಕಿಡ್ನಿಗೆ ಏರಿದೆ ಅಂದರು ಡಾಕ್ಟರು.

ಮಕ್ಕಳ ಊಟದ ಉಸ್ತುವಾರಿ ಬೇಡ ಅಂತ ನಾನು ಹೇಳುತ್ತಿಲ್ಲ. 2013ರಲ್ಲಿ ಬಿಹಾರದ ಛಪ್ರಾ ಹತ್ತಿರದ ಶಾಲೆಯೊಂದರಲ್ಲಿ ಬಿಸಿಯೂಟಕ್ಕೆ ಕೀಟನಾಶಕ ಸೇರಿ 23 ಮಕ್ಕಳು ಸತ್ತರು. ಬಡಿಸುವ ಮುಂಚೆ ರುಚಿ ನೋಡುವವರಲ್ಲಿ ಒಬ್ಬರಾದರೂ ಶಿಕ್ಷಕರಿರಬೇಕು ಅಂತ ಮಾರ್ಗಸೂಚಿಯೇ ಇದೆ. ಅಷ್ಟು ದೊಡ್ಡ ಹೊಣೆ ಅದು. ಹಾಗಿದ್ದ ಮೇಲೆ ಅದನ್ನು ಕೆಲಸ ಅಂತಲೇ ಕರೆಯಬೇಕು, ಬಿಡುವು ಬೇರೆಯಾಗಿ ಕೊಡಬೇಕು. ನಮ್ಮ ಮಕ್ಕಳ ಅಮ್ಮಂದಿರು ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವವರು. ಐದು ಗಂಟೆಗಿಂತ ಹೆಚ್ಚು ಒಂದೇ ಸಮ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕು ಅಂತ ಅವರಿಗಾಗಿ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು. ಅವರ ಮಕ್ಕಳಿಗೆ ಕಲಿಸುವವಳಿಗೆ ಇಪ್ಪತ್ತು ನಿಮಿಷ ಸಿಗದಿರೋದು ಯಾವ ನ್ಯಾಯ?

ಹುಷಾರಾಗಿ ಬಂದ ಮೇಲೆ ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ ವಿಷಯ ಎತ್ತಿದೆ. ಮುಖ್ಯ ಶಿಕ್ಷಕರಿಗೆ ಮೊದಲು ಕಸಿವಿಸಿಯಾಯಿತು, ಆದರೆ ತಾಯಂದಿರಿಗೆ ಕೂಡಲೇ ಅರ್ಥವಾಯಿತು. ಈಗ ಬಿಡುವನ್ನು ಎರಡು ಪಾಲು ಮಾಡಿದ್ದೇವೆ. ಮೊದಲ ಪಾಲಿನಲ್ಲಿ ಒಬ್ಬರು ಮಕ್ಕಳ ಜೊತೆ, ಇನ್ನೊಬ್ಬರು ಆಫೀಸು ಕೋಣೆಯ ಬಾಗಿಲು ಹಾಕಿಕೊಂಡು ಊಟಕ್ಕೆ. ಮಕ್ಕಳು ತಟ್ಟೆ ತೊಳೆದು ಆಟಕ್ಕಿಳಿದಾಗ ಅದಲುಬದಲು. ವಾರಕ್ಕೊಮ್ಮೆ ಸರದಿ ತಿರುಗುತ್ತೆ. ಉಣ್ಣುತ್ತಿರುವವರನ್ನು ಫೋನಿಗೂ ಕರೆಯುವ ಹಾಗಿಲ್ಲ, ಸಹಿಗೂ ಕರೆಯುವ ಹಾಗಿಲ್ಲ. ಇದೆಲ್ಲ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು ಸಹಿಯಾಗಿದೆ. ನೀವೂ ಬಾಯಿಮಾತಿಗೆ ಬಿಡಬೇಡಿ, ಬರೆಸಿ. ಬಾಯಲ್ಲಿ ಒಪ್ಪಿದ್ದು ಮುಂದಿನ ತರಬೇತಿಯ ಹೊತ್ತಿಗೆ ಮರೆತೇ ಹೋಗಿರುತ್ತೆ.

ನಿಮ್ಮದು ಏಕೋಪಾಧ್ಯಾಯ ಶಾಲೆಯಾದರೆ ಪಾಲು ಮಾಡೋಕೆ ಇನ್ನೊಬ್ಬರೇ ಇರಲ್ಲ, ಗೊತ್ತು. ಆದರೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು ಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಅದನ್ನು ತೋರಿಸಿ ಎಸ್‌ಡಿಎಂಸಿ ಕಡೆಯಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಹಾಕಿಸಿ. ಅಲ್ಲಿಯವರೆಗೆ, ಮತ್ತೆ ಜೊತೆಯವರು ರಜೆಯಲ್ಲೋ ತರಬೇತಿಯಲ್ಲೋ ಇರುವ ದಿನಗಳಿಗೆ, ಒಬ್ಬ ತಾಯಿ ಬಂದು ಕೂರುವಂತೆ ಸರದಿ ಪಟ್ಟಿ ಮಾಡಿಕೊಳ್ಳಿ. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಅವರಿಗೆ ಬರೋಕಾಗಲ್ಲ, ಆಗ ಮನೆಯಲ್ಲಿರುವ ಅಜ್ಜಿಯರನ್ನು ಕರೆಯಿರಿ.