ಒಂದೇ ನೆಟ್‌ವರ್ಕ್‌ನ ಎರಡು ಫೋನುಗಳು: ಬಳಕೆದಾರರ ತೃಪ್ತಿಯ ಅಂಕಿಯನ್ನು ನೋಡಿ ಕೊಳ್ಳಬಹುದೇ?

ಒಂದೇ ಮೊಬೈಲ್ ಕಂಪನಿಯ ಗ್ರಾಹಕರಲ್ಲಿ ಎರಡು ಪ್ರತಿಸ್ಪರ್ಧಿ ಫೋನುಗಳನ್ನು ಬಳಸುವವರನ್ನು ವಿಚಾರಿಸಿದಾಗ, ಒಂದರ ಬಳಕೆದಾರರು ಶೇಕಡಾ ನಾಲ್ಕೈದರಷ್ಟು ಹೆಚ್ಚು ತೃಪ್ತರೆಂದು ಕಂಡುಬಂದರೆ ಆ ಫೋನನ್ನೇ ಕೊಳ್ಳಬಹುದೇ ಎಂದು ನೀವು ಕೇಳಿದ್ದೀರಿ. ಆ ಅಂಕಿಯೊಂದನ್ನೇ ನಂಬಿ ಕೊಳ್ಳಬೇಡಿ ಎಂಬುದು ನನ್ನ ಉತ್ತರ. ಅಂಕಿ ಸರಿಯಾಗಿಯೇ ಇರಬಹುದು. ಆದರೆ ಅದು ತಿಳಿಸುವುದು ಕೊಂಡವರ ನಿರೀಕ್ಷೆ ಎಷ್ಟರಮಟ್ಟಿಗೆ ಈಡೇರಿತೆಂಬುದನ್ನು. ನಿಮಗೆ ಬೇಕಿರುವುದು ಆ ಫೋನು ಆ ನೆಟ್‌ವರ್ಕ್‌ನಲ್ಲಿ ಹೇಗೆ ನಡೆಯುತ್ತದೆಂಬ ಮಾಹಿತಿ.

ಇವೆರಡೂ ಬೇರೆ ಬೇರೆ ಎಂಬುದನ್ನು ತೋರಿಸಲು ನನಗೆ ಸದಾ ನೆನಪಾಗುವುದು ಅಮೆರಿಕದ ಒಂದು ಪ್ರಸಂಗ. 2010ರ ಜೂನ್‌ನಲ್ಲಿ ಐಫೋನ್ 4 ಬಂದಾಗ ಅಲ್ಲಿ ಅದು ಎಟಿ ಅಂಡ್ ಟಿ ನೆಟ್‌ವರ್ಕ್‌ನಲ್ಲಿ ಮಾತ್ರ ದೊರೆಯುತ್ತಿತ್ತು. ಅದರ ಅಂಚಿನ ಲೋಹದ ಪಟ್ಟಿಯೇ ಆಂಟೆನಾ ಆಗಿದ್ದುದರಿಂದ, ಎಡಬದಿಯ ಕೆಳಭಾಗದಲ್ಲಿದ್ದ ಸಣ್ಣ ಸೀಳಿನ ಮೇಲೆ ಅಂಗೈ ಬಿದ್ದರೆ ಸಿಗ್ನಲ್ ಕುಸಿಯುತ್ತಿತ್ತು. ದೂರುಗಳು ಹೆಚ್ಚಿದ ಮೇಲೆ ಜುಲೈ 16ರಂದು ಆಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಪತ್ರಕರ್ತರನ್ನು ಕರೆದು, ಹಿಂದಿನ ಮಾದರಿಯಾದ ಐಫೋನ್ 3ಜಿಎಸ್‌ಗಿಂತ ಹೊಸ ಫೋನಿನಲ್ಲಿ ನೂರು ಕರೆಗಳಿಗೆ ಒಂದಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಹೆಚ್ಚುವರಿ ಕರೆಗಳು ಕಡಿತವಾಗುತ್ತವೆ ಎಂದು ಹೇಳಿದರು; ಅಲ್ಪವಾದರೂ ಹೆಚ್ಚಳ ಇದ್ದುದನ್ನು ಆ ಮಾತೇ ಒಪ್ಪಿಕೊಂಡಂತಾಯಿತು. ಅದೇ ಸಭೆಯಲ್ಲಿ ಅವರು ಕೊಟ್ಟ ಇನ್ನೊಂದು ಲೆಕ್ಕದ ಪ್ರಕಾರ, ಆರಂಭದ ದಿನಗಳಲ್ಲಿ 3ಜಿಎಸ್ ಅನ್ನು ಎಟಿ ಅಂಡ್ ಟಿಗೆ ಹಿಂದಿರುಗಿಸಿದವರು ಶೇಕಡಾ 6ರಷ್ಟಿದ್ದರೆ, ಐಫೋನ್ 4 ಅನ್ನು ಹಿಂದಿರುಗಿಸಿದವರು ಶೇಕಡಾ 1.7 ಮಾತ್ರ. ಒಂದೇ ನೆಟ್‌ವರ್ಕ್‌ನಲ್ಲಿ, ಕರೆ ಹೆಚ್ಚು ಕಡಿತವಾಗುವ ಫೋನನ್ನೇ ಜನ ಹೆಚ್ಚು ಸಂಖ್ಯೆಯಲ್ಲಿ ಉಳಿಸಿಕೊಂಡರು. ಪರದೆ, ಕ್ಯಾಮೆರಾ, ವೇಗ ಇವೆಲ್ಲ ಸೇರಿ ಕೊಟ್ಟ ಸಂತೋಷವು ಕರೆಯ ತೊಂದರೆಯನ್ನು ಮರೆಸಿತೆಂದು ನಾನು ಭಾವಿಸುತ್ತೇನೆ. ಅವರ ತೃಪ್ತಿ ನಿಜವಾದದ್ದೇ. ಆದರೆ ದಿನವಿಡೀ ಕರೆಗಳಲ್ಲೇ ಕೆಲಸ ಮಾಡುವವರಿಗೆ ಆ ತೃಪ್ತಿಯ ಅಂಕಿ ದಾರಿ ತಪ್ಪಿಸುತ್ತಿತ್ತು.

ಮುಂದಿನ ವರ್ಷ ಅಮೆರಿಕದ ಇನ್ನೊಂದು ಮೊಬೈಲ್ ಕಂಪನಿಯಾದ ವೆರಿಝೋನ್‌ನಲ್ಲಿ ಇದಕ್ಕಿಂತ ಸ್ಪಷ್ಟವಾದ ಹೋಲಿಕೆಯೇ ಸಿಕ್ಕಿತು. 2011ರ ಫೆಬ್ರವರಿಯಲ್ಲಿ ಐಫೋನ್ 4 ಆ ನೆಟ್‌ವರ್ಕ್‌ಗೆ ಬಂದಿತು; ಮಾರ್ಚ್‌ನಲ್ಲಿ ಎಚ್‌ಟಿಸಿ ಥಂಡರ್‌ಬೋಲ್ಟ್ ಅದೇ ನೆಟ್‌ವರ್ಕ್‌ನ ಮೊದಲ ಎಲ್‌ಟಿಇ (ಅಂದರೆ 4ಜಿ) ಫೋನಾಗಿ ಬಂದಿತು. ಮೊದಲನೆಯದು 3ಜಿಗೆ ಸೀಮಿತವಾಗಿತ್ತು; ವೆರಿಝೋನ್ ಬಳಸುತ್ತಿದ್ದ ಸಿಡಿಎಂಎ ವ್ಯವಸ್ಥೆಯಲ್ಲಿ ಅದರಿಂದ ಕರೆಯಲ್ಲಿರುವಾಗಲೇ ಮೊಬೈಲ್ ಇಂಟರ್‌ನೆಟ್ ಬಳಸಲು ಆಗುತ್ತಿರಲಿಲ್ಲ. ಎರಡನೆಯದರಲ್ಲಿ ಅದು ಸಾಧ್ಯವಿತ್ತು, ವೇಗವೂ ಬಹಳ ಹೆಚ್ಚಿತ್ತು, ಆದರೆ ಬ್ಯಾಟರಿ ಬೇಗನೆ ಖಾಲಿಯಾಗುತ್ತಿತ್ತು. ಪ್ರಯಾಣದಲ್ಲಿ ಚಾರ್ಜರ್ ಸಿಗದವನಿಗೂ, ಮಾತಾಡುತ್ತಲೇ ನಕ್ಷೆ ನೋಡಬೇಕಾದವನಿಗೂ ಒಂದೇ ಶೇಕಡಾವಾರು ಅಂಕಿಯಿಂದ ಏನು ಪ್ರಯೋಜನ?

ಹೆಸರು ಒಂದೇ ಆದ ಫೋನು ಎಲ್ಲ ನೆಟ್‌ವರ್ಕ್‌ಗಳಲ್ಲೂ ಒಂದೇ ಆಗಿರಬೇಕೆಂದಿಲ್ಲ. 2016ರ ಐಫೋನ್ 7 ಅಮೆರಿಕದಲ್ಲಿ ವೆರಿಝೋನ್ ಗ್ರಾಹಕರಿಗೆ ಕ್ವಾಲ್‌ಕಾಮ್ ಮೋಡೆಮ್‌ (ಫೋನನ್ನು ನೆಟ್‌ವರ್ಕ್‌ಗೆ ಜೋಡಿಸುವ ಚಿಪ್) ನೊಂದಿಗೂ, ಎಟಿ ಅಂಡ್ ಟಿ ಗ್ರಾಹಕರಿಗೆ ಇಂಟೆಲ್ ಮೋಡೆಮ್‌ನೊಂದಿಗೂ ಬಂದಿತ್ತು; ಸಿಗ್ನಲ್ ದುರ್ಬಲವಾದ ಕಡೆ ಮೊದಲನೆಯದು ಹೆಚ್ಚು ವೇಗ ಉಳಿಸಿಕೊಳ್ಳುವುದು ಸ್ವತಂತ್ರ ಪರೀಕ್ಷೆಗಳಲ್ಲಿ ಕಂಡುಬಂದಿತು. ಆದ್ದರಿಂದ ನೀವು ನೋಡಿದ ಸಮೀಕ್ಷೆ ನಿಮ್ಮದೇ ನೆಟ್‌ವರ್ಕ್‌ನ ಗ್ರಾಹಕರಿಗೆ ಸೀಮಿತವಾಗಿರುವುದು ಒಳ್ಳೆಯದೇ. ಆದರೂ ಎಷ್ಟು ಜನರನ್ನು ಕೇಳಿದ್ದಾರೆಂದು ನೋಡಿ. ಒಂದೊಂದು ಫೋನಿಗೆ 200 ಜನರನ್ನಷ್ಟೇ ಕೇಳಿ, ಶೇಕಡಾ 80ರಷ್ಟು ಜನ ತೃಪ್ತರೆಂದು ಬಂದಿದ್ದರೆ, ಆ 80ರಲ್ಲೇ ಸುಮಾರು ಐದೂವರೆ ಅಂಶ ಆಚೀಚೆ ಆಗುವ ಸಾಧ್ಯತೆ ಇರುತ್ತದೆ. ಆಗ ನೀವು ಹೇಳುವ ನಾಲ್ಕೈದರ ಅಂತರಕ್ಕೆ ಅರ್ಥವೇ ಉಳಿಯುವುದಿಲ್ಲ.

ನಾನು ಫೋನು ಆರಿಸುವಾಗ ಮೊದಲು ನೋಡುವುದು ನನ್ನ ನೆಟ್‌ವರ್ಕ್ ಯಾವ ಬ್ಯಾಂಡ್‌ಗಳನ್ನು, ಅಂದರೆ ಯಾವ ರೇಡಿಯೋ ಆವರ್ತನಗಳನ್ನು, ಬಳಸುತ್ತದೆ, ಅವೆಲ್ಲವೂ ಆ ಮಾದರಿಯಲ್ಲಿವೆಯೇ ಎಂಬುದನ್ನು. ಮುಖ್ಯವಾಗಿ ಗೋಡೆಗಳನ್ನು ದಾಟಿ ಬರಬಲ್ಲ ಕಡಿಮೆ ಆವರ್ತನದ ಬ್ಯಾಂಡ್ ಇಲ್ಲದಿದ್ದರೆ ಉಳಿದ ಗುಣಗಳು ಎಷ್ಟೇ ಚೆನ್ನಾಗಿದ್ದರೂ ಮನೆಯೊಳಗೆ ಕಷ್ಟವಾಗುತ್ತದೆ. ಅನಂತರ, 4ಜಿ ಮೂಲಕ ಕರೆ ಮಾಡುವ ಸೌಲಭ್ಯವನ್ನು ನೆಟ್‌ವರ್ಕ್ ಕಂಪನಿಯು ಆ ಮಾದರಿಗೆ ಅನುಮತಿಸಿದೆಯೇ ಎಂದು ವಿಚಾರಿಸುತ್ತೇನೆ. ಇದು ಸಣ್ಣ ವಿಷಯವಲ್ಲ: 2022ರ ಫೆಬ್ರವರಿಯಲ್ಲಿ ಎಟಿ ಅಂಡ್ ಟಿ ತನ್ನ 3ಜಿ ಸೇವೆಯನ್ನು ನಿಲ್ಲಿಸಿದಾಗ, 4ಜಿ ಇದ್ದರೂ ಕಂಪನಿ ಅನುಮತಿಸಿದ ಫೋನುಗಳ ಪಟ್ಟಿಯಲ್ಲಿಲ್ಲದ ಎಷ್ಟೋ ಫೋನುಗಳು ಕರೆಗೆ ಉಪಯೋಗವಿಲ್ಲದಂತಾದವು.

ಕೊನೆಗೆ, ಸಾಧ್ಯವಾದರೆ ಒಂದೇ ಸಿಮ್ಮನ್ನು ಎರಡೂ ಫೋನುಗಳಿಗೆ ಹಾಕಿ, ಸಿಗ್ನಲ್ ತೀರ ಕಡಿಮೆ ಇರುವ ಜಾಗದಲ್ಲಿ ಹೋಲಿಸಿ ನೋಡುತ್ತೇನೆ. ಪರದೆಯ ಕಡ್ಡಿಗಳನ್ನು ನಾನು ಎಣಿಸುವುದಿಲ್ಲ, ಏಕೆಂದರೆ ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದನ್ನು ಆಯಾ ತಯಾರಕರೇ ನಿರ್ಧರಿಸುತ್ತಾರೆ. ಎರಡು ಕಡ್ಡಿ ತೋರಿಸಬೇಕಾದ ಕಡೆ ನಾಲ್ಕು ತೋರಿಸುವಷ್ಟು ತಮ್ಮ ಸೂತ್ರ ತಪ್ಪಾಗಿತ್ತೆಂದು 2010ರ ಜುಲೈನಲ್ಲಿ ಆಪಲ್ ಕಂಪನಿಯೇ ಒಪ್ಪಿಕೊಂಡಿತ್ತು. ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿಯನ್ನು ತೋರಿಸುವ ಭಾಗದಲ್ಲಿ ಸಿಗ್ನಲ್‌ನ ಬಲ ಡಿಬಿಎಂ ಎಂಬ ಅಳತೆಯಲ್ಲಿ ಸಾಮಾನ್ಯವಾಗಿ ಸಿಗುತ್ತದೆ; ಐಫೋನಿನಲ್ಲಿ ಅದಕ್ಕೆ ಫೀಲ್ಡ್ ಟೆಸ್ಟ್ ಎಂಬ ಪ್ರತ್ಯೇಕ ಪರದೆಯಿದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 115 ಎಂದರೆ ದುರ್ಬಲ. ಹತ್ತು ಅಂಶದ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ. ಈ ಸಂಖ್ಯೆ ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ ಒಮ್ಮೆ ನೋಡಿ ನಿರ್ಧರಿಸದೆ, ಅದೇ ಜಾಗದಲ್ಲಿ ಒಂದೊಂದು ಫೋನಿನಿಂದಲೂ ಐದಾರು ಕರೆ ಮಾಡಿ, ಫೋನು ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಈ ಪರೀಕ್ಷೆಯನ್ನು ಪೂರೈಸಿಕೊಳ್ಳಿ.