ಮಣ್ಣಿಗೆ ಕರೆಂಟ್ ಕೊಟ್ಟರೆ ಪೇಟೆಂಟ್ ಸಿಗುತ್ತಾ?

ಪ್ರಶ್ನೆ: ಸರ್, ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಪಕ್ಕದ ಗ್ಯಾರೇಜಿನಲ್ಲಿ ಡೀಸೆಲ್, ವೇಸ್ಟ್ ಆಯಿಲ್ ಕುಡಿದಿದ್ದ ಮಣ್ಣನ್ನು ತೊಟ್ಟಿಗೆ ತುಂಬಿ, ಎರಡು ಕಬ್ಬಿಣದ ಸರಳು ನೆಟ್ಟು ಕರೆಂಟ್ ಹಾಯಿಸಿದೆ. ಮಣ್ಣು ಕಾದು ಹಬೆ ಎದ್ದಿತು, ವಾಸನೆ ಹೋಯಿತು. ಅಕ್ಕಿ ಮಿಲ್ಲಿನ ಸುಟ್ಟ ಹೊಟ್ಟಿನ ಕರಿಪುಡಿ ಬೆರೆಸಿದರೆ ಇನ್ನೂ ಬೇಗ ಕಾಯುತ್ತದೆ. ಪೇಟೆಂಟ್ ಸಿಗುತ್ತಾ? ಯೂಟ್ಯೂಬ್‌ಗೆ ವಿಡಿಯೋ ಹಾಕಬಹುದಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ವಿಡಿಯೋ ಈಗಲೇ ಹಾಕಬೇಡಿ. ಅರ್ಜಿಗೆ ಮುಂಚೆ ಊರಿಗೆಲ್ಲ ತೋರಿಸಿದರೆ 'ಇದು ಹೊಸದಲ್ಲ' ಅನ್ನುವುದಕ್ಕೆ ನಿಮ್ಮ ವಿಡಿಯೋನೇ ಸಾಕ್ಷಿಯಾಗುತ್ತದೆ.

ಇನ್ನು, ಕರೆಂಟಿನಿಂದ ಮಣ್ಣು ಕಾಯಿಸುವುದು ಹಳೇ ವಿದ್ಯೆ. ಮಣ್ಣನ್ನು ನೆಲದಲ್ಲೇ ಕರಗಿಸಿ ಗಾಜು ಮಾಡುವ ವಿಧಾನಕ್ಕೆ ಅಮೆರಿಕದಲ್ಲಿ 1983ರಲ್ಲೇ ಪೇಟೆಂಟ್ ಆಗಿದೆ. ಸರಳು ನೆಟ್ಟು ತೇವವನ್ನು ಸುಮಾರು 100 ಡಿಗ್ರಿಗೆ ಕುದಿಸಿ, ಹಬೆಯ ಜೊತೆ ಎದ್ದ ರಾಸಾಯನಿಕವನ್ನು ಪಂಪಿನಿಂದ ಎಳೆದುಕೊಳ್ಳುವ ಪದ್ಧತಿಯೂ ಅಲ್ಲಿ ದಶಕಗಳಿಂದ ಇದೆ. ಇಂಗಾಲದ ಪುಡಿ ಬೆರೆಸಿ ಕ್ಷಣದಲ್ಲಿ ಸಾವಿರ ಡಿಗ್ರಿ ದಾಟಿಸುವುದನ್ನು ಅಮೆರಿಕದ ರೈಸ್ ಎಂಬ ವಿಶ್ವವಿದ್ಯಾಲಯದವರು ಮಾಡಿದ್ದಾರೆ. ಅವಧಿ ಮುಗಿದ ಪೇಟೆಂಟನ್ನು ಯಾರು ಬೇಕಾದರೂ ಬಳಸಬಹುದು, ಆದರೆ ನನ್ನದು ಅಂತ ಹೇಳಿಕೊಳ್ಳಲು ಬರಲ್ಲ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ನೀವೂ ನೋಡಿರುತ್ತೀರಿ, ಸರಳಿನ ಸುತ್ತ ಮಣ್ಣು ಮೊದಲು ಒಣಗುತ್ತದೆ, ಒಣಗಿದ ಕೂಡಲೇ ಕರೆಂಟ್ ಇಳಿದುಬಿಡುತ್ತದೆ, ಆಚೆಯ ಮಣ್ಣು ತಣ್ಣಗೇ ಉಳಿಯುತ್ತದೆ. ಅದಕ್ಕೇ ಆ ಹಬೆ ಪದ್ಧತಿಯವರು ಸರಳಿನ ಬುಡಕ್ಕೆ ನೀರು ಹನಿಸುತ್ತಿರುತ್ತಾರೆ. ನಿಮ್ಮ ಹೊಟ್ಟಿನ ಕರಿ, ಒಂದು ನಿರ್ದಿಷ್ಟ ಪ್ರಮಾಣದಲ್ಲಿ, ನೀರಿಲ್ಲದೆ ಈ ತೊಂದರೆ ತಪ್ಪಿಸುತ್ತದೆ ಅಂತಾದರೆ, ಈ ಕೆಲಸ ಬಲ್ಲವನಿಗೂ ಅದು ಸುಲಭಕ್ಕೆ ಹೊಳೆಯುವಂಥದ್ದಲ್ಲ ಅಂತ ವಾದಿಸಿ ಪೇಟೆಂಟ್ ಕೇಳಬಹುದು. ಒಂದೇ ಮಣ್ಣು, ಎರಡು ತೊಟ್ಟಿ, ಒಂದಕ್ಕೆ ಮಾತ್ರ ಕರಿ ಹಾಕಿ. ಅರ್ಧ ಗಂಟೆಗೊಮ್ಮೆ ಆಂಪ್ಸ್, ಬಿಸಿ ಬರೆದಿಡಿ. ಆ ಅಂಕಿಗಳಿಲ್ಲದೆ ಸುಮ್ನೆ 'ಬೇಗ ಕಾಯುತ್ತೆ' ಅಂದರೆ ಪೇಟೆಂಟ್ ಕಚೇರಿಯ ಪರೀಕ್ಷಕರು ಒಪ್ಪಲ್ಲ. ಮತ್ತೆ, ವಾಸನೆ ಹೋಯಿತು ಅಂದರೆ ಎಣ್ಣೆ ಹೋಯಿತು ಅಂತಲ್ಲ. ಎಂಜಿನ್ ಆಯಿಲ್ ಆವಿಯಾಗಲು 300 ಡಿಗ್ರಿಗಿಂತ ಜಾಸ್ತಿ ಬೇಕು. ಲ್ಯಾಬಿನಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ಚಿತ್ರದುರ್ಗ ಹತ್ತಿರದ ಇಂಗಳದಾಳದ ಗಣಿ ಕಡೆಯ ತಾಮ್ರದ ಮಣ್ಣಿಗೂ ಇದೇ ಮದ್ದು ಅಂತ ಅರ್ಜಿಯಲ್ಲಿ ಸೇರಿಸಲು ಹೋಗಬೇಡಿ, ತಾಮ್ರ ಹಬೆಯ ಜೊತೆ ಏಳುವುದಿಲ್ಲ. 'ಹೊಲದ ಮಣ್ಣು ಫಲವತ್ತಾಗುತ್ತೆ' ಅಂತಲೂ ಬರೆಯಬೇಡಿ. ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಚ್) ಪ್ರಕಾರ ಬೇಸಾಯದ ವಿಧಾನಕ್ಕೆ ಪೇಟೆಂಟ್ ಇಲ್ಲ, ಸುಮ್ನೆ ಆಕ್ಷೇಪಣೆ ಕರೆದಂತಾಗುತ್ತದೆ.

ಮೊದಲು ಗೂಗಲ್ ಪೇಟೆಂಟ್ಸ್‌ನಲ್ಲಿ ಹುಡುಕಿ. ಆಮೇಲೆ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ. ಕರ್ನಾಟಕಕ್ಕೆ ಚೆನ್ನೈ ಕಚೇರಿ, ಆನ್‌ಲೈನಲ್ಲಿ ವ್ಯಕ್ತಿಗೆ ಶುಲ್ಕ 1600 ರೂಪಾಯಿ. ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಅಷ್ಟರಲ್ಲಿ ಪ್ರಯೋಗ ಮುಂದುವರಿಸಿ, ಆದರೆ ಮೇನ್ಸ್‌ನಿಂದ ನೇರ ಹಸಿ ಮಣ್ಣಿಗೆ ವೈರ್ ಕೊಡಬೇಡಿ. ಮೇನ್ಸ್ ಜೊತೆ ನೇರ ಸಂಪರ್ಕ ತಪ್ಪಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬಗ್ಗೆ ನಿಮಗೆ ನಾನು ಹೇಳಿಕೊಡಬೇಕಿಲ್ಲ ಅಲ್ವಾ?