ಜಿಲೇಬಿ ಅರಬ್ಬರದ್ದಾದ್ರೆ ಕಡುಬು ಯಾರದ್ದು?

ಸಾಗರದ ಕಡೆಯ ಓದುಗರೊಬ್ರು ಬರೆದಿದಾರೆ: "ಹೋದ ಸಂಚಿಕೆಲಿ ಜಿಲೇಬಿ ಅರಬ್ ಕಡೆಯಿಂದ ಬಂದಿದ್ದು ಅಂತ ಹಾಕಿದ್ರಿ, ಬೇಜಾರಾಯ್ತು. ಈಗ ಇಂಡೋನೇಷ್ಯಾದಲ್ಲಿರೋ ಮಗ 'ಕುವೆ ಬುಗಿಸ್' ಅಂತ ಒಂದು ತಿಂಡಿ ಫೋಟೋ ಕಳಿಸಿದಾನೆ, ಥೇಟ್ ನಮ್ಮ ಎಲೆ ಕಡುಬು. ಇದೂ ಹೊರಗಿಂದ ಬಂದಿದ್ದಾ? ನಮ್ದು ಅಂತ ಏನು ಉಳೀತು?"

ಅಮ್ಮಾ, ನಮಸ್ಕಾರ. ನಿಮ್ಮ ಪ್ರಶ್ನೆ ತುಂಬಾ ಒಳ್ಳೇದು, ಯಾಕಂದ್ರೆ ಎರಡು ತಿಂಡಿ ನೋಡೋಕೆ ಒಂದೇ ಥರ ಇದ್ರೆ ಸಾಕು, ಒಂದರಿಂದ ಇನ್ನೊಂದು ಹುಟ್ಟಿದ್ದು ಅಂತ ಹೇಳಿಬಿಡ್ತಾರೆ, ಬಂದ ದಾರಿ ತೋರಿಸಿ ಅಂದ್ರೆ ಸುಮ್ನಾಗ್ತಾರೆ.

ಜಿಲೇಬಿಗೆ ದಾರಿ ಇದೆ. 10ನೇ ಶತಮಾನದ ಬಾಗ್ದಾದಿನ ಅಡುಗೆ ಪುಸ್ತಕದಲ್ಲೇ ಝಲಾಬಿಯಾ ಮಾಡೋ ಕ್ರಮ ಇದೆ, ಆಗ ಜೇನಲ್ಲಿ ಅದ್ದೋರು, ನಮ್ಮ ದೇಶದಲ್ಲಿ 15ನೇ ಶತಮಾನದ ಜೈನ ಕೃತಿಯೊಂದರಲ್ಲಿ ಅದರ ಹೆಸರು ಸಿಗುತ್ತೆ. ಒಪ್ಕೊಂಡ್ರೆ ನಮಗೇನೂ ನಷ್ಟ ಇಲ್ಲ. ಆದ್ರೆ ಸಕ್ಕರೆ ಪಾಕದ ಕಥೆ ಕೇಳಿ. ಕಬ್ಬು ಮೊದ್ಲು ಬೆಳೆದಿದ್ದು ನ್ಯೂಗಿನಿ ದ್ವೀಪದಲ್ಲಿ, ಅದರ ಹಾಲು ಕಾಯಿಸಿ ಹರಳು ಮಾಡೋದು ಕಲಿತಿದ್ದು ನಮ್ಮ ದೇಶದವರು, 647ರಲ್ಲಿ ಚೀನಾದ ಚಕ್ರವರ್ತಿ ತೈಝೊಂಗ್ ಆ ವಿದ್ಯೆ ಕಲಿತು ಬನ್ನಿ ಅಂತ ಮಗಧಕ್ಕೇ ಜನ ಕಳಿಸಿದ್ದ. ಆಚೆ ಕಡೆ ಅದು ಇರಾನಿಗೆ ಹೋಯ್ತು, ಅರಬ್ಬರು ಈಜಿಪ್ಟು, ಸಿಸಿಲಿ, ಸ್ಪೇನ್ ತನಕ ಒಯ್ದರು. ಆಲೆಮನೇಲಿ ಕೊಪ್ಪರಿಗೆ ಮುಂದೆ ನಿಂತು ನೊರೆ ತೆಗೀತಾರಲ್ಲ, ಪ್ರಪಂಚದ ಅರ್ಧ ಸಿಹಿತಿಂಡಿ ಆ ಕೆಲಸದ ಋಣದಲ್ಲಿದೆ ಅಂತ ನಾನಂತೂ ನಂಬ್ತೀನಿ.

ಮೋದಕಕ್ಕೂ ದಾರಿ ಇದೆ. ಜಪಾನಿನ ಕ್ಯೋಟೋದಲ್ಲಿ ಕಾಂಗಿದಾನ್ ಅಂತ ಮಾಡ್ತಾರೆ, ಬಾಯಿ ಕಟ್ಟಿದ ಪುಟ್ಟ ಚೀಲದ ಥರ, ಒಳಗೆ ಕಾಳಿನ ಹೂರಣ, ಎಳ್ಳೆಣ್ಣೇಲಿ ಕರೆಯೋದು, ನೈವೇದ್ಯ ಯಾರಿಗೆ ಅಂದ್ರೆ ಕಾಂಗಿತೆನ್‌ಗೆ, ಅಲ್ಲಿನ ವಿನಾಯಕ. ಬೌದ್ಧರ ಜೊತೆ ಚೀನಾ ಹಾದು ದೇವರೂ ಹೋದ, ಅವನ ಎಡೆಯೂ ಹೋಯ್ತು.

ಕಡುಬಿನ ವಿಷಯ ಬೇರೆ. ನಿಮ್ಮ ಮಗ ಕಳಿಸಿದ್ದರಲ್ಲಿ ಅಂಟಕ್ಕಿ ಹಿಟ್ಟು, ಒಳಗೆ ಕಾಯಿತುರಿ ಮತ್ತೆ ತಾಳೆಬೆಲ್ಲ, ಬಾಳೆಲೇಲಿ ಸುತ್ತಿ ಬೇಯಿಸ್ತಾರೆ. ಶ್ರೀಲಂಕಾದಲ್ಲಿ ಹಲಪ ಅಂತಿದೆ, ಅದು ರಾಗಿ ಹಿಟ್ಟಿಂದು, ಅದಕ್ಕೂ ಕಾಯಿ ಬೇಕು, ಎಲೆ ಬೇಕು. ಇವುಗಳಲ್ಲಿ ಒಂದು ತಾಯಿ ಉಳಿದಿದ್ದು ಮಕ್ಕಳು ಅನ್ನೋದಕ್ಕೆ ನಾನು ಒಪ್ಪಲ್ಲ. ಮಳೆ ಸುರಿಯೋ ಊರು, ಹಿತ್ತಲಲ್ಲಿ ತೆಂಗು, ಅಗಲದ ಎಲೆ, ಮನೇಲಿ ಹಿಟ್ಟು ಬೆಲ್ಲ ಇದ್ರೆ ಯಾವ ದೇಶದ ಹೆಂಗಸಿಗೂ ಇದು ಹೊಳೆಯುತ್ತೆ, ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ರೆ ನಾಗರಪಂಚಮಿ ಹೊತ್ತಿಗೆ ಸೊಂಪಾಗಿ ಬಂದಿರೋ ಅರಿಶಿನದ ಎಲೇನೇ ಬೇಕು ಅಂತ ಆರಿಸ್ಕೊಂಡಿದ್ದು ನಮ್ಮ ಕಡೆಯವರು, ಗೋವಾ ಕೊಂಕಣದವರು. ಆ ಘಮ ಬಾಳೆಲೆ ಕೊಡಲ್ಲ.

ಇನ್ನು ನಮ್ದು ಅಂತ ಏನು ಅಂದ್ರೆ ನಾನು ತೊಡದೇವು ತೋರಿಸ್ತೀನಿ, ನಮ್ಮ ಮಲೆನಾಡಿನ ಹಾಳೆಯಷ್ಟು ತೆಳ್ಳಗಿನ ಸಿಹಿತಿಂಡಿ. ಮಡಕೆ ಕವುಚಿ ಕೆಳಗೆ ಬೆಂಕಿ ಹಾಕಿ, ಕಬ್ಬಿನ ಹಾಲಲ್ಲಿ ಕಲಸಿದ ಅಕ್ಕಿ ಹಿಟ್ಟನ್ನ ಬಟ್ಟೇಲಿ ಒಂದೇ ಸಲ ಎಳೆಯೋದು. ಆಂಧ್ರದ ಆತ್ರೇಯಪುರದ ಪೂತರೇಕುಲು ಕೂಡ ಕವುಚಿದ ಮಡಕೆ ಮೇಲೇ ಆಗೋದು, 2023ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದ್ರೆ ಆ ಊರಿನ ವಿಶೇಷ ಅನ್ನೋ ಸರ್ಕಾರದ ಗುರುತು, ಸಿಕ್ತು, ಆದ್ರೆ ಅವರದ್ದು ಸಪ್ಪೆ ಹಾಳೆ, ಬೆಲ್ಲ ತುಪ್ಪ ಆಮೇಲೆ ಒಳಗೆ ಹಾಕಿ ಸುತ್ತೋದು, ನಮ್ಮದರಲ್ಲಿ ಸಿಹಿ ಹಿಟ್ಟಲ್ಲೇ ಇದೆ. ಇದನ್ನ ಮಾಡೋ ಕೈ ಕಮ್ಮಿ ಆಗ್ತಿದೆ ಅನ್ನೋದೇ ನನ್ನ ಚಿಂತೆ, ಜಿಲೇಬಿ ಎಲ್ಲಿಂದ ಬಂತು ಅನ್ನೋದಲ್ಲ. ನಿಮ್ಮನೇಲಿ ಹಾಕೋ ಅಳತೆ ಬರೆದು ಕಳಿಸಿ ಅಮ್ಮಾ, ಕಬ್ಬಿನ ಹಾಲಿಂದಾ ಜೋನಿಬೆಲ್ಲದ್ದಾ ಅನ್ನೋದೂ ಬರೀರಿ, ಆಲೆಮನೆ ಶುರುವಾಗೋ ಮುಂಚೆ ಅಚ್ಚು ಹಾಕ್ತೀವಿ.